ಹಳೆ ಕಾರಿನ ಸೀಟ್ ಬೆಲ್ಟ್, ಏರ್‌ಬ್ಯಾಗ್ ದೀಪ: ಮನೆಯಲ್ಲೇ ಎಷ್ಟು ಮಾಡಬಹುದು?

ಹನ್ನೊಂದು ವರ್ಷ ಓಡಿದ ಕಾರೊಂದನ್ನು ತಗೊಂಡಿದ್ದೇನೆ. ಇಂಜಿನ್ ಚೆನ್ನಾಗಿದೆ, ತೊಂದರೆ ಎಲ್ಲ ಒಳಗಡೆಯೇ. ಡ್ರೈವರ್ ಬೆಲ್ಟ್ ಬಿಚ್ಚಿದರೆ ಅರ್ಧ ಹೋಗಿ ನಿಂತುಬಿಡುತ್ತದೆ, ಕೈಯಲ್ಲಿ ತಳ್ಳಬೇಕು. ಹಿಂದಿನ ಒಂದು ಬಕಲ್ ಎರಡು ಮೂರು ಸಲ ಒತ್ತಿದ ಮೇಲೆ ಕೂರುತ್ತದೆ. ಏರ್‌ಬ್ಯಾಗ್ ದೀಪ ಕೆಲವು ದಿನ ಹತ್ತಿಕೊಂಡೇ ಇರುತ್ತದೆ, ಕೆಲವು ದಿನ ಆರುತ್ತದೆ. ಕಾರ್ಪೆಟ್ ಮುಗ್ಗಲು ವಾಸನೆ ಬೇರೆ. ಅದಕ್ಕೇ ಸೀಟು ಬಿಚ್ಚಿ ತೊಳೆಯೋಣ ಅಂತಿದ್ದೇನೆ. ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ಆದರೆ ಈ ಕೆಲಸ ಯಾವತ್ತೂ ಮಾಡಿಲ್ಲ. ಮಾಡಿದವರು ದಯವಿಟ್ಟು ಹೇಳಿ, ಯಾವುದಕ್ಕೆ ಕೈ ಹಾಕಬಹುದು, ಯಾವುದಕ್ಕೆ ಬೇಡ?

* * *

ಬೆಲ್ಟ್ ವಿಷಯ ನಾನು ಹೇಳುತ್ತೇನೆ ಸರ್. ನಮ್ಮ ಮನೆಯ ಎರಡು ಕಾರಿನಲ್ಲೂ ಇದೇ ಆಗಿತ್ತು. ಸ್ಪ್ರಿಂಗ್ ಹೋಗಿದೆ ಅಂದುಕೊಂಡು ಹೊಸ ಬೆಲ್ಟ್ ತರಿಸಲು ಹೊರಟಿದ್ದೆ. ಆಮೇಲೆ ನೋಡಿದರೆ ಬರೀ ಕೊಳೆ.

ನಿಮ್ಮ ಭುಜದ ಮೇಲೆ, ಬಾಗಿಲ ಪಕ್ಕದ ಕಂಬದಲ್ಲಿ ಬೆಲ್ಟ್ ತೂರಿ ಬರುವ ಒಂದು ಬಳೆ ಇದೆಯಲ್ಲ, ಅದರೊಳಗೆ ಬೆರಳು ಆಡಿಸಿ ನೋಡಿ. ಬೆವರು, ಎಣ್ಣೆ, ಧೂಳು ಸೇರಿ ಮೇಣದ ಹಾಗೆ ಕಂದು ಪದರ ಕಟ್ಟಿರುತ್ತದೆ. ನನ್ನದರಲ್ಲಿ ಉಗುರಿನಿಂದ ಕೆರೆದರೆ ಸುರುಳಿ ಸುರುಳಿಯಾಗಿ ಬಂತು. ಬೆಲ್ಟನ್ನು ಒಳಗೆ ಎಳೆಯುವ ಸ್ಪ್ರಿಂಗ್ ತುಂಬಾ ಮೆತ್ತನೆಯದು, ಎದೆ ಬಿಗಿಯಬಾರದು ಅಂತಲೇ ಹಾಗೆ ಇಟ್ಟಿರುತ್ತಾರೆ. ಅಷ್ಟು ಕೊಳೆಯ ಹಿಡಿತವನ್ನು ಅದು ಗೆಲ್ಲಲಾರದು.

ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಒಳಗೆ ಓಡಿಹೋಗದಂತೆ ಕೆಳಗೆ ಬಟ್ಟೆ ಕ್ಲಿಪ್ ಹಾಕಿ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಮೆದು ಸೋಪು ಸಾಕು. ಮೆತ್ತಗಿನ ಬ್ರಷ್‌ನಲ್ಲಿ ನೇಯ್ಗೆಯ ಉದ್ದಕ್ಕೇ ಉಜ್ಜಿ, ಅಡ್ಡ ಉಜ್ಜಬೇಡಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ನಾಲ್ಕೈದು ಸಲ ಒರೆಸಿ. ಬಳೆಯ ಒಳಭಾಗಕ್ಕೂ ಅದೇ ಸೋಪಿನ ಬಟ್ಟೆ. ನಂತರ ನೆರಳಲ್ಲಿ ಒಣಗಲು ಬಿಡಿ. ಇಲ್ಲಿ ಅವಸರ ಬೇಡ. ನಾನು ಒಂದು ರಾತ್ರಿ ಪೂರ್ತಿ ಬಿಟ್ಟೆ. ಒದ್ದೆ ಬೆಲ್ಟ್ ಒಳಗೆ ಸುತ್ತಿಕೊಂಡರೆ ಬೂಷ್ಟು ಹಿಡಿಯುತ್ತದೆ, ಒಳಗಿನ ಕಬ್ಬಿಣಕ್ಕೂ ತುಕ್ಕು ಬರುತ್ತದೆ.

ಬ್ಲೀಚ್ ಬೇಡವೇ ಬೇಡ, ಬಣ್ಣ ಹಾಕುವುದೂ ಬೇಡ. ಮೇಲ್ನೋಟಕ್ಕೆ ಹೊಸದಾಗಿ ಕಾಣುತ್ತದೆ, ನೂಲು ಮಾತ್ರ ಸತ್ವ ಕಳಕೊಳ್ಳುತ್ತದೆ. ಬೆಲ್ಟ್ ಸುತ್ತಿಕೊಳ್ಳುವ ರಾಟೆಗೆ ಎಣ್ಣೆ ಬಿಡಬೇಡಿ. ಎರಡು ದಿನ ಸಲೀಸಾಗಿ ಹೋಗುತ್ತದೆ, ಆಮೇಲೆ ಅದೇ ಎಣ್ಣೆ ಧೂಳು ಹಿಡಿದು ಮೊದಲಿಗಿಂತ ಜಾಸ್ತಿ ಬಿಗಿಯಾಗುತ್ತದೆ.

ತೊಳೆಯುವಾಗಲೇ ಬೆಲ್ಟಿನ ಪ್ರತಿ ಗೇಣನ್ನೂ ಬೆಳಕಿಗೆ ಹಿಡಿದು ನೋಡಿ. ಅಂಚು ಬಿಟ್ಟಿದ್ದರೆ, ನೂಲು ಎದ್ದಿದ್ದರೆ, ಒಂದು ಕಡೆ ಕರಗಿ ಹೊಳಪು ಬಂದಿದ್ದರೆ ಅಥವಾ ಬುಡದ ಹೊಲಿಗೆ ಕಿತ್ತಿದ್ದರೆ ಆ ಬೆಲ್ಟನ್ನು ಬದಲಿಸಲೇಬೇಕು. ಟೈಲರ್ ಹತ್ತಿರ ಹೊಲಿಸಿ ಹಾಕುವ ವಸ್ತು ಇದಲ್ಲ. ಬಳೆಯ ಹತ್ತಿರ ಉಜ್ಜಿ ಕರಗಿದ ಗುರುತಿದ್ದರೆ, ಆ ಕಾರು ಒಮ್ಮೆ ಜೋರಾಗಿ ಗುದ್ದಿರಬಹುದು, ಬೆಲ್ಟ್ ಆಗಲೇ ಒಬ್ಬರ ಭಾರ ತಡೆದಿರಬಹುದು. ಹಾಗೆ ಎಳೆಸಿಕೊಂಡ ಬೆಲ್ಟ್ ಮೊದಲಿನಂತೆ ಆಗುವುದಿಲ್ಲ. ಬೇರೆಯವರು ಓಡಿಸಿದ ಕಾರಾದ್ದರಿಂದ ನೀವು ಇದನ್ನು ಮರೆಯದೆ ನೋಡಬೇಕು.

ಇನ್ನೊಂದು ಮಾತು. ಮುಂದೆ ಯಾವತ್ತಾದರೂ ಕಾರಿನಿಂದ ರಾಟೆ ಸಮೇತ ಬಿಚ್ಚಿದ ಬೆಲ್ಟ್ ಕೈಗೆ ಬಂದರೆ, ಎಷ್ಟು ಎಳೆದರೂ ಬರದಿದ್ದಾಗ ಕೆಟ್ಟಿದೆ ಅಂದುಕೊಳ್ಳಬೇಡಿ. ಅದರೊಳಗೆ ಎರಡು ಬೀಗ ಇರುತ್ತವೆ. ಒಂದು, ಬೆಲ್ಟನ್ನು ಗಬಕ್ಕನೆ ಎಳೆದರೆ ಹಿಡಿಯುತ್ತದೆ. ಇನ್ನೊಂದು, ಕಾರು ವಾಲಿದಾಗ ಅಥವಾ ಜೋರಾಗಿ ಬ್ರೇಕ್ ಬಿದ್ದಾಗ ಹಿಡಿಯುತ್ತದೆ. ಮೇಜಿನ ಮೇಲೆ ಮಲಗಿಸಿದರೆ ಅದು ಕಾರು ಮಗುಚಿದೆ ಅಂತಲೇ ತಿಳಿಯುತ್ತದೆ. ಕಾರಿನಲ್ಲಿ ಕೂರುವ ರೀತಿಯಲ್ಲೇ ನೆಟ್ಟಗೆ ಹಿಡಿದು ನಿಧಾನ ಎಳೆಯಿರಿ, ಬರುತ್ತದೆ.

* * *

ನಾನು ಏರ್‌ಬ್ಯಾಗ್ ಮತ್ತು ವೈರಿಂಗ್ ರಿಪೇರಿ ಮಾಡುವವನು. ಸೀಟು ಬಿಚ್ಚುವ ಮೊದಲು ಇದನ್ನು ಓದಿಬಿಡಿ.

ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಾಣಿಸುತ್ತದೆ. ಹಳದಿ ಅಂದರೆ ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಯುವ ಪ್ರಿಟೆನ್ಷನರ್‌ನ ತಂತಿ. ಎರಡರಲ್ಲೂ ಸ್ವಲ್ಪ ಸಿಡಿಮದ್ದು ಇರುತ್ತದೆ. ಪ್ರಿಟೆನ್ಷನರ್ ಗುದ್ದಿದ ಕ್ಷಣ ಬೆಲ್ಟನ್ನು ಹಿಂದಕ್ಕೆ ಎಳೆದು ಸಡಿಲ ತೆಗೆಯುತ್ತದೆ. ಏರ್‌ಬ್ಯಾಗ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಉಬ್ಬುತ್ತದೆ. ಮುಖ ಹತ್ತಿರ ಇಟ್ಟುಕೊಂಡು ಕೆಲಸ ಮಾಡುವಾಗ ಸಿಡಿದರೆ ಏನಾಗುತ್ತದೆ ಯೋಚಿಸಿ.

ಮೊದಲು ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ತಕ್ಷಣ ಕೈ ಹಾಕಬೇಡಿ. ಗುದ್ದಿದಾಗ ಬ್ಯಾಟರಿ ತಂತಿ ಕಿತ್ತುಹೋದರೂ ಏರ್‌ಬ್ಯಾಗ್ ತೆರೆಯಲಿ ಎಂದು ಅದರ ಕಂಟ್ರೋಲ್ ಯೂನಿಟ್‌ನಲ್ಲಿ ಸ್ವಲ್ಪ ಕರೆಂಟ್ ಉಳಿಸಿಟ್ಟಿರುತ್ತಾರೆ. ಎಷ್ಟು ನಿಮಿಷ ಕಾಯಬೇಕು ಎಂದು ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಅಷ್ಟು ಕಾಯಲೇಬೇಕು. ಹಳದಿ ತಂತಿಗೆ ಮಲ್ಟಿಮೀಟರ್ ಇಟ್ಟು ನೋಡಬೇಡಿ. ಮೀಟರ್ ಬಿಡುವ ಸಣ್ಣ ಕರೆಂಟೇ ಮದ್ದು ಹತ್ತಿಸಬಹುದು. ಸೀಟು ಹೊರಗಿರುವಾಗ ಬ್ಯಾಟರಿ ಜೋಡಿಸಿ ಕೀ ತಿರುಗಿಸಬೇಡಿ. ತಂತಿ ಇಲ್ಲ ಎಂದು ಕಾರು ದೋಷ ಬರೆದುಕೊಳ್ಳುತ್ತದೆ. ಆಮೇಲೆ ಸ್ಕ್ಯಾನರ್ ಹಾಕಿ ಅಳಿಸುವವರೆಗೂ ದೀಪ ಆರದೇ ಇರಬಹುದು.

ನಿಮ್ಮ ದೀಪ ಬಂದು ಹೋಗುತ್ತದೆ, ಕಾರ್ಪೆಟ್ ವಾಸನೆಯೂ ಇದೆ ಅಂದಿರಿ. ನನ್ನ ಅನುಮಾನ ಅಲ್ಲೇ. ಕಾರ್ಪೆಟ್ ಕೆಳಗೆ ನೀರು ನಿಂತು ಆ ಕನೆಕ್ಟರ್‌ಗೆ ಹಸಿರು ಕಿಲುಬು ಹಿಡಿದಿರಬಹುದು. ಬರೀ ತೊಳೆದರೆ ಪ್ರಯೋಜನ ಇಲ್ಲ, ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಎಸಿ ನೀರು ಹೊರಹೋಗುವ ಪೈಪು, ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ, ಸನ್‌ರೂಫ್ ಇದ್ದರೆ ಅದರ ಪೈಪು, ಇವನ್ನು ನೋಡಿ. ಹಾರ್ನ್ ಕೂಡ ಆಗಾಗ ಕೈಕೊಡುತ್ತಿದ್ದರೆ ವಿಷಯ ಬೇರೆ. ಆಗ ಸ್ಟೀರಿಂಗ್ ಹಿಂದಿನ ಕ್ಲಾಕ್ ಸ್ಪ್ರಿಂಗ್ (ಹಾರ್ನ್, ಏರ್‌ಬ್ಯಾಗ್‌ಗೆ ಕರೆಂಟ್ ಒಯ್ಯುವ ಸುರುಳಿ ತಂತಿ) ತುಂಡಾಗಿರುವ ಸಾಧ್ಯತೆ ಜಾಸ್ತಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ದೀಪ ಹತ್ತಿಕೊಂಡಿರುವ ದಿನ ನಿಮ್ಮ ಏರ್‌ಬ್ಯಾಗ್ ತೆರೆಯುತ್ತದೆ ಎಂಬ ಭರವಸೆ ಇಲ್ಲ. ಕೀ ಹಾಕಿದಾಗ ಆ ದೀಪ ಹತ್ತಿ, ಕೆಲವು ಸೆಕೆಂಡಿಗೆ ಆರಬೇಕು. ಹತ್ತದೇ ಇದ್ದರೂ ದೋಷವೇ. ಅದನ್ನು ಮುಚ್ಚಿಡಲು ಹಿಂದೆ ಬಲ್ಬ್ ಕಿತ್ತಿದ್ದ ಕಾರು ನನ್ನ ಕೈಗೇ ಬಂದಿದೆ. ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲಿ ರೀಕಾಲ್ (ದೋಷದ ಭಾಗ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಬಾಕಿ ಇದೆಯೇ ಎಂದೂ ಕೇಳಿ. ಟಕಾಟಾ ಎಂಬ ಸಂಸ್ಥೆ ಮಾಡಿದ ಏರ್‌ಬ್ಯಾಗ್‌ಗಳಲ್ಲಿ ಬಿಸಿ ಮತ್ತು ತೇವಕ್ಕೆ ಮದ್ದು ಹಾಳಾಗಿ, ಸಿಡಿದಾಗ ಲೋಹದ ಚೂರು ಹಾರುತ್ತಿದ್ದವು. ಎಷ್ಟೋ ಕಂಪನಿಗಳ ಕಾರುಗಳಲ್ಲಿ ಅವು ಇದ್ದವು, ಆ ಸಂಸ್ಥೆ 2017ರಲ್ಲಿ ದಿವಾಳಿಯಾಯಿತು. ಹಳೆ ಕಾರುಗಳಲ್ಲಿ ಬದಲಿಸದೆ ಉಳಿದವು ಇನ್ನೂ ಇವೆ.

* * *

ಬಕಲ್ ಬಗ್ಗೆ ನನ್ನದೊಂದು ಮಾತು. ನಮ್ಮ ಮಗ ಹಿಂದಿನ ಸೀಟಲ್ಲಿ ಜ್ಯೂಸ್ ಚೆಲ್ಲಿದ್ದ. ಅದು ಒಣಗಿ ಅಂಟಾಗಿ ಬಕಲ್ ನಿಮ್ಮ ಹಾಗೇ ಆಡುತ್ತಿತ್ತು. ವ್ಯಾಕ್ಯೂಮ್‌ನಿಂದ ಎಳೆದಾಗ ಬಿಸ್ಕತ್ ಪುಡಿ, ಒಂದು ಕಾಗದದ ಚೂರು ಬಂತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆಲ್ಟಿನ ನಾಲಿಗೆ (ಬಕಲ್‌ಗೆ ತೂರುವ ಲೋಹದ ತುದಿ) ಒರೆಸಿದೆ. ಕ್ಲಿಕ್ ಶಬ್ದ ಬಂತು, ನನಗೂ ನಿರಾಳ ಆಯಿತು. ಆದರೆ ವಾರದಲ್ಲಿ ಒಂದು ದಿನ ಕ್ಲಿಕ್ ಆದ ಮೇಲೂ ಎಳೆದರೆ ಬಿಟ್ಟುಕೊಂಡಿತು. ಅವತ್ತು ಮೈ ನಡುಗಿತು. ಮಾರನೇ ದಿನವೇ ಹೊಸ ಬಕಲ್ ಹಾಕಿಸಿದೆವು. ಅಣ್ಣ, ಕ್ಲಿಕ್ ಕೇಳಿದರೆ ಸಾಲದು, ಪ್ರತಿ ಸಲ ಎಳೆದು ನೋಡಿ. ಮೊದಲ ಒತ್ತಿಗೇ ಕೂರದಿದ್ದರೆ ಬದಲಿಸಿಬಿಡಿ.

ಮಕ್ಕಳಿದ್ದರೆ ಇನ್ನೊಂದು. ಹಿಂದಕ್ಕೆ ಮುಖ ಮಾಡುವ ಮಗುವಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಲ್ಲಿ ಯಾವತ್ತೂ ಇಡಬಾರದು.

* * *

ಸೀಟ್ ಕವರ್ ಹಾಕಿಸುವ ಯೋಚನೆ ಇದ್ದರೆ, ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಬರಹ ಇದೆಯಾ ನೋಡಿ. ಇದ್ದರೆ ಅಲ್ಲಿ ಹರಿದುಕೊಳ್ಳುವಂತೆ ಹೊಲಿದ ಕವರೇ ಬೇಕು. ಕಂಬದ ಪ್ಲಾಸ್ಟಿಕ್ ಬಿಚ್ಚುವಾಗಲೂ ಹಾಗೇ, ಅದರ ಹಿಂದೆ ಕರ್ಟನ್ ಏರ್‌ಬ್ಯಾಗ್ (ಕಿಟಕಿಯ ಮೇಲೆ ಪರದೆಯಂತೆ ಇಳಿಯುವುದು) ಇರಬಹುದು. ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ ಮೀಟುಗೋಲು ಬಳಸಿ. ಚಳಿಯಲ್ಲಿ ಹಳೆ ಕ್ಲಿಪ್ ಪಟ್ ಅಂತ ಮುರಿಯುತ್ತದೆ, ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಶುರು ಮಾಡಿ. ಸೀಟು ಮತ್ತೆ ಕೂರಿಸುವಾಗ ನಾಲ್ಕೂ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪುಸ್ತಕದಲ್ಲಿರುವ ಲೆಕ್ಕಕ್ಕೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಎರಡೂ ಹಳಿ ಒಟ್ಟಿಗೆ ಬೀಗ ಬಿದ್ದಿವೆಯಾ ಅಂತ ಸೀಟನ್ನು ಹಿಂದೆ ಮುಂದೆ ಜೋರಾಗಿ ಅಲ್ಲಾಡಿಸಿ ನೋಡಿ.

* * *

ಕೇಳಿದವನೇ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಬೆಲ್ಟ್ ಪೂರ್ತಿ ಸರಿಹೋಯಿತು. ಬಳೆಯಿಂದ ಬಂದ ಕೊಳೆ ನೋಡಿ ನನಗೇ ನಂಬಿಕೆ ಬರಲಿಲ್ಲ. ನೀರು ಕಪ್ಪಾಗಿ ಮೂರು ಸಲ ಬದಲಿಸಬೇಕಾಯಿತು. ಬೆಲ್ಟಿನಲ್ಲಿ ಹರಿದ ಗುರುತು ಎಲ್ಲೂ ಇಲ್ಲ. ಈಗ ಬಿಟ್ಟ ತಕ್ಷಣ ಸರ್ರನೆ ಒಳಗೆ ಹೋಗುತ್ತದೆ.

ಸೀಟು ನಾನು ಬಿಚ್ಚಲಿಲ್ಲ. ಹಿಂದಕ್ಕೆ ಸರಿಸಿ ಟಾರ್ಚ್ ಬಿಟ್ಟು ನೋಡಿದೆ. ಏರ್‌ಬ್ಯಾಗ್ ಕೆಲಸದವರು ಹೇಳಿದ ಹಾಗೇ ಹಳದಿ ಕನೆಕ್ಟರ್ ಬಾಯಲ್ಲಿ ಹಸಿರು ಪುಡಿ, ಅದರ ಕೆಳಗೆ ಕಾರ್ಪೆಟ್ ಒತ್ತಿದರೆ ನೀರು. ಎಸಿ ಪೈಪಿನ ಬಾಯಿ ಕಟ್ಟಿಕೊಂಡಿತ್ತು, ಅದನ್ನು ಬಿಡಿಸಿದ್ದೇನೆ. ಕನೆಕ್ಟರ್ ಮುಟ್ಟಿಲ್ಲ, ಈ ವಾರ ವರ್ಕ್‌ಶಾಪಿಗೆ ಕೊಡುತ್ತೇನೆ. ರೀಕಾಲ್ ಕೂಡ ಅಲ್ಲೇ ಕೇಳುತ್ತೇನೆ. ಹಿಂದಿನ ಬಕಲ್ ಒರೆಸಿದ ಮೇಲೂ ಹತ್ತರಲ್ಲಿ ಒಂದು ಸಲ ಕೂರುತ್ತಿಲ್ಲ. ಹೊಸದಕ್ಕೆ ಹೇಳಿದ್ದೇನೆ. ಅದು ಬರುವವರೆಗೆ ಆ ಜಾಗದಲ್ಲಿ ಯಾರನ್ನೂ ಕೂರಿಸುತ್ತಿಲ್ಲ.