ಉಡುಪಿಯಿಂದ ಟೊರಾಂಟೊಗೆ ಅಮ್ಮ ಒಬ್ಬರೇ ಹೋಗಬೇಕು: ಯಾವ ದಾರಿ, ಎಷ್ಟು ಗಂಟೆ?

ಪ್ರಶ್ನೆ, ಉಡುಪಿಯಿಂದ:
ತಂಗಿಯ ಬಾಣಂತನಕ್ಕೆ ಅಮ್ಮ ಟೊರಾಂಟೊಗೆ ಹೊರಟಿದ್ದಾರೆ. ವಯಸ್ಸು 63, ವಿಮಾನ ಹತ್ತುವುದು ಇದೇ ಮೊದಲು. ಮಂಗಳೂರಿಂದ ನೇರ ದೂರ ಸುಮಾರು 13,200 ಕಿ.ಮೀ. ಗಂಟೆಗೆ 900 ಕಿ.ಮೀ. ಲೆಕ್ಕ ಹಿಡಿದರೆ 15 ಗಂಟೆ ಸಾಕಲ್ವಾ? ಟಿಕೆಟ್ ನೋಡಿದರೆ 25, 30 ಗಂಟೆ ಅಂತ ಉಂಟು. ಬಜಪೆಯಿಂದ, ಅಂದರೆ ಮಂಗಳೂರು ವಿಮಾನ ನಿಲ್ದಾಣದಿಂದ, ದುಬೈ ಮೇಲೆ ಕಳಿಸುವುದಾ, ಬೆಂಗಳೂರಿಂದ ಹತ್ತಿಸುವುದಾ? ಹೋಗಿ ಬಂದವರು ಹೇಳಿ.

ಕಾರ್ಕಳದಿಂದ:
ದೂರ ನೋಡಿದರೆ ದುಬೈ ದಾರಿಯೇ ಸರಿ. ಮಂಗಳೂರಿಂದ ದುಬೈಗೆ ಸುಮಾರು 2,450 ಕಿ.ಮೀ., ಅಲ್ಲಿಂದ ಟೊರಾಂಟೊಗೆ 11,000ಕ್ಕೆ ಸ್ವಲ್ಪ ಜಾಸ್ತಿ. ನೇರ ದಾರಿಗಿಂತ ಮುನ್ನೂರು ಚಿಲ್ಲರೆ ಕಿ.ಮೀ. ಅಷ್ಟೇ ಹೆಚ್ಚು. ನಾವೂ ಅದನ್ನೇ ನೋಡಿ, ಅಗ್ಗಕ್ಕೆ ಸಿಕ್ಕಿತು ಅಂತ ಅತ್ತೆಗೆ ಎರಡು ಬೇರೆ ಬೇರೆ ಟಿಕೆಟ್ ಮಾಡಿದೆವು. ಕೌಂಟರಿನಲ್ಲಿ ತಡೆದರು. ಟಿಕೆಟ್ ಬೇರೆಯಾದರೆ ಬ್ಯಾಗು ದುಬೈವರೆಗೆ ಮಾತ್ರ. ಅಲ್ಲಿ ಇಮಿಗ್ರೇಷನ್ ದಾಟಿ ಹೊರಗೆ ಬಂದು ಬ್ಯಾಗು ತೆಗೆದುಕೊಳ್ಳಬೇಕು, ಅದಕ್ಕೆ ಆಗ ಆ ದೇಶದ ವೀಸಾ ಬೇಕಿತ್ತು. ನಮ್ಮ ಹತ್ತಿರ ಕೆನಡಾ ವೀಸಾ ಮಾತ್ರ ಇತ್ತು. ಲೇಹ್ಯದ ಡಬ್ಬಿ, ಕುಚ್ಚಲಕ್ಕಿ ಕಟ್ಟಿದ್ದ ಬ್ಯಾಗನ್ನು ಅತ್ತೆ ಹಾಗೇ ಮನೆಗೆ ವಾಪಸ್ ತಂದರು. ಆ ಮುಖ ಇವತ್ತಿಗೂ ಕಣ್ಣ ಮುಂದೆ ಉಂಟು.

ಆಮೇಲೆ ಬೆಂಗಳೂರಿಂದ ಟೊರಾಂಟೊವರೆಗೆ ಒಂದೇ ಟಿಕೆಟ್ ಮಾಡಿದೆವು. ಹಿಂದಿನ ರಾತ್ರಿ ರೈಲಲ್ಲಿ ಬೆಂಗಳೂರಿಗೆ ಹೋಗಿ, ಒಂದು ದಿನ ನೆಂಟರ ಮನೆಯಲ್ಲಿ ಉಳಿದರು. ದಾರಿ ಉದ್ದವಾಯಿತು, ಆದರೆ ಬ್ಯಾಗು ಟೊರಾಂಟೊದಲ್ಲೇ ಸಿಕ್ಕಿತು, ಮಧ್ಯೆ ಎಲ್ಲೂ ಪರದಾಡಲಿಲ್ಲ. ಒಂದೇ ಟಿಕೆಟ್ ಅಂದರೆ ಇನ್ನೊಂದು ಅನುಕೂಲ: ಮೊದಲ ವಿಮಾನ ತಡವಾಗಿ ಮುಂದಿನದ್ದು ತಪ್ಪಿದರೆ ಬೇರೆ ವಿಮಾನಕ್ಕೆ ಹತ್ತಿಸುವುದು ಕಂಪನಿಯವರ ಜವಾಬ್ದಾರಿ. ಮಳೆಗಾಲದಲ್ಲಿ ಬಜಪೆಯ ಗುಡ್ಡದ ಮೇಲೆ ಮಂಜು ಮುಸುಕಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ಲ.

ಸುರತ್ಕಲ್‌ನಿಂದ:
15 ಗಂಟೆಯ ಲೆಕ್ಕ ಯಾಕೆ ಕೂಡುವುದಿಲ್ಲ ಅಂತ ಹೇಳ್ತೇನೆ. ಮಧ್ಯೆ ವಿಮಾನ ಬದಲಿಸಲು ಕಾಯುವ ಹೊತ್ತು ಒಂದು, ಗಾಳಿ ಇನ್ನೊಂದು. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ದುಬೈಯಿಂದ ಟೊರಾಂಟೊಗೆ ಸುಮಾರು 14 ಗಂಟೆ, ವಾಪಸ್ ಬರುವಾಗ ಒಂದು ಗಂಟೆಯಷ್ಟು ಕಡಿಮೆ. ಗಾಳಿ ಒಂದೇ ಅಲ್ಲ, ಆಕಾಶದ ದಾರಿ ಮುಚ್ಚಿದರೂ ಸುತ್ತಬೇಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದಾಗ ದೆಹಲಿಯಿಂದ ಅಮೆರಿಕ, ಕೆನಡಾ ಕಡೆಗೆ ಹೋಗುವವರಿಗೆ ಗಂಟೆಗಟ್ಟಲೆ ಹೆಚ್ಚಾಯಿತು. ಟಿಕೆಟ್‌ನಲ್ಲಿ ಇಳಿಯುವ ಹೊತ್ತು ಅಲ್ಲಿಯ ಗಡಿಯಾರದ್ದು, ಅದನ್ನೂ ಮರೆಯಬೇಡಿ. ಟೊರಾಂಟೊ ನಮಗಿಂತ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ.

ಕುಂದಾಪುರದಿಂದ:
ನಾನು ಎರಡು ಸಲ ಒಬ್ಬಳೇ ಹೋಗಿ ಬಂದವಳು, ಅಮ್ಮನಿಗೆ ಧೈರ್ಯ ಹೇಳಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಆಗುವುದಿಲ್ಲ ಅಂತ ಅಲ್ಲ, ಜೊತೆಗೆ ಒಬ್ಬರು ಗೇಟಿನವರೆಗೂ ಕರ್ಕೊಂಡು ಹೋಗ್ತಾರೆ. ವಿಮಾನ ಬದಲಿಸಲು ಮೂರ್ನಾಲ್ಕು ಗಂಟೆಯಾದರೂ ಇರಲಿ. ಮಧ್ಯೆ ಎರಡೇ ಗಂಟೆ ಇರುವ ಟಿಕೆಟ್ ಬೇಡ ಮಾರಾಯ್ರೆ. ತಂಗಿಯ ವಿಳಾಸ, ಫೋನ್ ನಂಬರು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಪಾಸ್‌ಪೋರ್ಟ್ ಒಳಗೆ ಇಡಿ, ನನ್ನ ಫೋನ್ ಚಾರ್ಜ್ ಮುಗಿದಾಗ ಕೈಹಿಡಿದದ್ದು ಅದೇ ಚೀಟಿ. ಬ್ಯಾಗಿನಲ್ಲಿರುವ ತಿಂಡಿ, ಲೇಹ್ಯ ಎಲ್ಲವನ್ನೂ ಇಳಿದ ಮೇಲೆ ಕಸ್ಟಮ್ಸ್‌ನವರ ಹತ್ತಿರ ಉಂಟು ಅಂತ ಹೇಳಲು ಅಮ್ಮನಿಗೆ ಹೇಳಿಕೊಡಿ.

ಉಡುಪಿಯಿಂದ ಮತ್ತೆ:
ಕಾರ್ಕಳದ ಅಕ್ಕ, ನಾನೂ ಎರಡು ಟಿಕೆಟ್ ಮಾಡುವವನೇ ಇದ್ದೆ. ಈಗ ಬೆಂಗಳೂರಿಂದ ಒಂದೇ ಟಿಕೆಟ್ ನೋಡ್ತಾ ಇದ್ದೇನೆ, ಮಧ್ಯೆ ನಾಲ್ಕು ಗಂಟೆ ಇರುವುದು. ಚೀಟಿಯನ್ನು ಅಮ್ಮ ಆಗಲೇ ಬರೆಸಿಕೊಂಡಾಯಿತು.