ಹೊರಗಿನವರ ಒತ್ತಡಕ್ಕೆ ಯಾಮೀನ್ ಸೋತರಾ? ಮಾಲ್ಡೀವ್ಸ್ 2018ರ ಬಗ್ಗೆ ಒಂದು ಜಗಳ

ಸದಾಶಿವಗಡ_ಹುಡುಗ: 2025ರ ಏಪ್ರಿಲ್‌ನಲ್ಲಿ ನಮ್ಮ ಕಾರವಾರದ ನೌಕಾನೆಲೆಯಿಂದ ಐಎನ್‌ಎಸ್ ಸುನಯನಾ ಹೊರಟಾಗ ಅದರಲ್ಲಿ ಒಂಬತ್ತು ದೇಶಗಳ 44 ಸಿಬ್ಬಂದಿ ಇದ್ದರು, ಮಾಲ್ಡೀವ್ಸಿನವರೂ ಸೇರಿ. ಅದೇ ದೇಶ 2018ರಲ್ಲಿ ನಮ್ಮ ‘ಮಿಲನ್’ ನೌಕಾ ಕೂಟಕ್ಕೆ ಬರೋದಿಲ್ಲ ಅಂದಿತ್ತು. ಆಗ ಅಧ್ಯಕ್ಷ ಯಾಮೀನ್. ಫೆಬ್ರವರಿ 5ಕ್ಕೆ ತುರ್ತು ಪರಿಸ್ಥಿತಿ ಹೇರಿ ಮುಖ್ಯ ನ್ಯಾಯಮೂರ್ತಿಯನ್ನೇ ಬಂಧಿಸಿದ್ದರು, ಮಲಸಹೋದರ, ಮಾಜಿ ಅಧ್ಯಕ್ಷ ಗಯೂಮ್ ಅವರನ್ನೂ ಬಿಡಲಿಲ್ಲ. ಸೆಪ್ಟೆಂಬರ್ 23ರ ಚುನಾವಣೆಯಲ್ಲಿ ಸೋತರು. ಭಾರತ, ಅಮೆರಿಕ, ಯುರೋಪ್ ಒಕ್ಕೂಟ ಮೂರೂ ಕಡೆಯಿಂದ ಒತ್ತಡ ಬಿದ್ದಿದ್ದಕ್ಕೇ ಇದಾಗಿದ್ದು ಅಂತ ನನ್ನ ಲೆಕ್ಕ.

ಶಿರಸಿ_ತೋಟದಿಂದ: ಎಂತ ಒತ್ತಡ ಮಾರಾಯ? ಮಾಜಿ ಅಧ್ಯಕ್ಷ ನಶೀದ್ ಸೇನೆಯ ಬೆಂಬಲ ಇರುವ ದೂತರನ್ನು ಕಳಿಸಿ ಅಂತ ಭಾರತವನ್ನು ಬಹಿರಂಗವಾಗಿ ಕೇಳಿದ್ದರು. ನಾವು ಕಳಿಸಲಿಲ್ಲ, ಬೇಸರ ಆಗಿದೆ ಅಂತ ಹೇಳಿಕೆ ಕೊಟ್ಟು ಕೂತೆವು. 1988ರಲ್ಲಿ ಆಗಿನ ಅಧ್ಯಕ್ಷ ಗಯೂಮ್ ಕರೆದಾಗ ಒಂದೇ ರಾತ್ರಿಯಲ್ಲಿ ವಿಮಾನದಲ್ಲಿ ಸೈನಿಕರನ್ನು ಇಳಿಸಿದ ದೇಶ ನಮ್ಮದು! ಯುರೋಪಿನವರ ಕತೆಯೂ ಅಷ್ಟೇ. ಜುಲೈನಲ್ಲಿ ನಿರ್ಬಂಧದ ಚೌಕಟ್ಟು (ವೀಸಾ ಕೊಡದಿರೋದು, ಖಾತೆ ತಡೆಯೋದು) ಮಾಡಿದರು, ಅದರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಖಾಲಿ ಪಟ್ಟಿಗೆ ಯಾರು ಹೆದರುತ್ತಾರೆ?

ಅಂಕೋಲೆ_ಮಾಸ್ತರು: ಖಾಲಿ ಪಟ್ಟಿಯೇ ಜಾಸ್ತಿ ಹೆದರಿಸುತ್ತದೆ ಅಂತ ನನಗನ್ನಿಸುತ್ತದೆ. ಹೆಸರು ಬರೆದಾಯ್ತು ಅಂದರೆ ಆ ಮನುಷ್ಯನಿಗೆ ಕಳಕೊಳ್ಳೋಕೆ ಏನೂ ಉಳಿಯೋದಿಲ್ಲ, ಯಾಮೀನ್ ಜೊತೆಗೇ ನಿಲ್ಲುತ್ತಾನೆ. ಬರೆಯದೇ ಇಟ್ಟರೆ ಪೊಲೀಸ್ ಅಧಿಕಾರಿ, ಚುನಾವಣಾ ಆಯೋಗದವರು, ಜಡ್ಜುಗಳು ಎಲ್ಲರೂ ತಮ್ಮ ವೀಸಾ, ಹೊರಗಿನ ಖಾತೆ ಎಲ್ಲ ನೆನೆಸಿಕೊಂಡು ಒಂದು ಹೆಜ್ಜೆ ಹಿಂದೆ ಇಡುತ್ತಾರೆ. ಮತದಾನದ ಹಿಂದಿನ ರಾತ್ರಿ ಪೊಲೀಸರು ವಿರೋಧ ಪಕ್ಷದ ಪ್ರಚಾರ ಕಚೇರಿಗೆ ನುಗ್ಗಿದ್ದು ನಿಜ. ಆದರೆ ಮತ ಎಣಿಸಿದ ಮೇಲೆ ಸಂಖ್ಯೆ ತಿದ್ದಲಿಲ್ಲ, ಅಲ್ವಾ? ವಿರೋಧ ಪಕ್ಷಗಳ ಅಭ್ಯರ್ಥಿ ಸೋಲಿಹ್‌ಗೆ 58 ಪರ್ಸೆಂಟ್ ಬಂತು, ಹಾಗೇ ಘೋಷಿಸಿದರು. ಯಾಮೀನ್ ಮರುದಿನ ಸೋಲು ಒಪ್ಪಿ, ಆಮೇಲೆ ಮನಸ್ಸು ಬದಲಿಸಿ ಸುಪ್ರೀಂ ಕೋರ್ಟಿಗೆ ಹೋದರು. ಫೆಬ್ರವರಿಯಿಂದ ಅವರು ಹೇಳಿದ್ದನ್ನೇ ಕೇಳುತ್ತಿದ್ದ ಕೋರ್ಟು ಅಕ್ಟೋಬರಿನಲ್ಲಿ ಅರ್ಜಿಯನ್ನೇ ತಳ್ಳಿಹಾಕಿತು. ನನಗೆ ಮುಖ್ಯ ಅನ್ನಿಸೋದು ಇದು.

ಭಟ್ಕಳ_ಟು_ದುಬೈ: ಮಾಸ್ತರ್ರೇ, ಜನರನ್ನು ಮರೆತೇಬಿಟ್ಟಿರಿ. ಸುಮಾರು 89 ಪರ್ಸೆಂಟ್ ಮತದಾನ ಆಗಿತ್ತು. ಪರಸ್ಪರ ಮುಖ ನೋಡದ ನಶೀದ್, ಗಯೂಮ್ ಕಡೆಯವರೆಲ್ಲ ಒಬ್ಬನೇ ಅಭ್ಯರ್ಥಿಯ ಹಿಂದೆ ನಿಂತರು. ಅದಿಲ್ಲದಿದ್ದರೆ ಯುರೋಪ್ ಒಕ್ಕೂಟ ಏನು ಮಾಡುತ್ತಿತ್ತು? ಅದೇ ವರ್ಷ ಕಾಂಬೋಡಿಯಾ ನೋಡಿ. ಮುಖ್ಯ ವಿರೋಧ ಪಕ್ಷವನ್ನು 2017ರ ನವೆಂಬರಿನಲ್ಲೇ ಕೋರ್ಟಿನಿಂದ ರದ್ದು ಮಾಡಿಸಿದ್ದರು. ಜುಲೈ ಚುನಾವಣೆಯಲ್ಲಿ ಪ್ರಧಾನಿ ಹುನ್ ಸೇನ್ ಪಕ್ಷಕ್ಕೆ 125ಕ್ಕೆ 125 ಸೀಟು. ಯುರೋಪ್ ಎರಡು ವರ್ಷ ಬೆದರಿಸಿ 2020ರಲ್ಲಿ ಸುಂಕದ ರಿಯಾಯಿತಿಯ ಐದನೇ ಒಂದು ಭಾಗ ಹಿಂತೆಗೆದುಕೊಂಡಿತು. ಪೆಟ್ಟು ಬಿದ್ದಿದ್ದು ಬಟ್ಟೆ ಹೊಲಿಯೋ ಹೆಣ್ಣುಮಕ್ಕಳ ಕೆಲಸಕ್ಕೆ. ಹುನ್ ಸೇನ್ 2023ರಲ್ಲಿ ಕುರ್ಚಿಯನ್ನು ಮಗನಿಗೆ ಕೊಟ್ಟರು, ಅಷ್ಟೇ.

ಅಂಕೋಲೆ_ಮಾಸ್ತರು: ಒಪ್ಪಿದೆ, ಆದರೆ ಇದು ನನ್ನ ಮಾತಿಗೇ ಪುಷ್ಟಿ. ಅಲ್ಲಿ ಯುರೋಪಿನ ಸುಂಕದ ಪೆಟ್ಟು ಬಿದ್ದಿದ್ದು ಚುನಾವಣೆ ಮುಗಿದ ಮೇಲೆ, ಅದೂ ದೇಶದ ವ್ಯಾಪಾರದ ಮೇಲೆ. ಮಾಲ್ಡೀವ್ಸಿನಲ್ಲಿ ಚುನಾವಣೆಗೆ ಎರಡು ತಿಂಗಳು ಮೊದಲೇ ಬಂತು, ಗುರಿ ಇದ್ದಿದ್ದು ಅಧಿಕಾರದಲ್ಲಿದ್ದವರ ಮೇಲೆ. ಮತಪತ್ರದಲ್ಲಿ ಇನ್ನೊಂದು ಹೆಸರೂ ಉಳಿದಿತ್ತು.

ಶಿರಸಿ_ತೋಟದಿಂದ: ಹಾಗಾದರೆ ಬಾಂಗ್ಲಾದೇಶ? 2023ರ ಮೇ ತಿಂಗಳಲ್ಲೇ ಅಮೆರಿಕ, ಚುನಾವಣೆಗೆ ಅಡ್ಡಿ ಮಾಡಿದವರಿಗೆ ವೀಸಾ ಇಲ್ಲ ಅಂತ ಘೋಷಿಸಿತ್ತು. ಮೊದಲೇ ಬಂತು, ಗುರಿಯೂ ವ್ಯಕ್ತಿಗಳೇ. ಆದರೂ 2024ರ ಜನವರಿ 7ರಂದು ಮುಖ್ಯ ವಿರೋಧ ಪಕ್ಷ ಬಿಎನ್‌ಪಿ ಇಲ್ಲದೇ ಮತದಾನ ಆಯ್ತು, ಹಸೀನಾ ಗೆದ್ದರು. ಆಗಸ್ಟ್ 5ಕ್ಕೆ ಅವರನ್ನು ಓಡಿಸಿದ್ದು ಬೀದಿಗಿಳಿದ ಹುಡುಗರು.

ಸದಾಶಿವಗಡ_ಹುಡುಗ: ಅಲ್ಲಿ ಭಾರತ ‘ಅದು ಅವರ ಆಂತರಿಕ ವಿಷಯ’ ಅಂತ ಹೇಳಿತ್ತಲ್ಲ. ಪಕ್ಕದ ದೊಡ್ಡ ಮನೆಯವರೇ ಹಾಗಂದ ಮೇಲೆ ವಾಷಿಂಗ್ಟನ್ ಎಷ್ಟು ಕೂಗಿದರೇನು.

ಭಟ್ಕಳ_ಟು_ದುಬೈ: ಹಾಗಂತ ಯಾಮೀನ್ ಮೇಲೆ ಸಿಟ್ಟು ಬಂದಿದ್ದು ಪ್ರಜಾಪ್ರಭುತ್ವದ ಮೇಲಿನ ಪ್ರೀತಿಗಾ, ಅವರು ಚೀನಾದ ಕಡೆ ವಾಲಿ ನಮ್ಮ ಹೆಲಿಕಾಪ್ಟರ್ ವಾಪಸ್ ತಗೊಂಡು ಹೋಗಿ ಅಂದಿದ್ದಕ್ಕಾ? ಮಾಲ್ಡೀವ್ಸಿನ ಜನ ಇದನ್ನೂ ನೋಡುತ್ತಾರೆ. 2023ರಲ್ಲಿ ‘ಇಂಡಿಯಾ ಔಟ್’ ಅಂತ ಪ್ರಚಾರ ಮಾಡಿಯೇ ಮುಯಿಝು ಅಧ್ಯಕ್ಷ ಚುನಾವಣೆ ಗೆದ್ದರು, ಸೋತಿದ್ದು ಅದೇ ಸೋಲಿಹ್.

ಸದಾಶಿವಗಡ_ಹುಡುಗ: ಅದೇ ಮುಯಿಝು ಸರ್ಕಾರದ ನಾವಿಕರೇ ಅಲ್ವಾ 2025ರಲ್ಲಿ ಕಾರವಾರದಿಂದ ನಮ್ಮ ಹಡಗು ಹತ್ತಿದ್ದು?

ಅಂಕೋಲೆ_ಮಾಸ್ತರು: ಅದು ಮಾಲ್ಡೀವ್ಸಿನ ಸಾಲದ ಕತೆ. ಅದಕ್ಕೆ ಬೇರೆಯೇ ಚರ್ಚೆ ಶುರು ಮಾಡಿ, ಇಲ್ಲಿ ಬೆರೆಸಬೇಡಿ.