ಆರು ತಿಂಗಳಿಂದ ಮಾರಾಟವಾಗದ ಝಡ್4: ಬೆಲೆ ಇಳಿಸಬೇಕಾ, ಬೇರೆ ಏನಾದರೂ ಸರಿಮಾಡಬೇಕಾ?

ಹೆಬ್ಬಾಳ_ರೋಡ್‌ಸ್ಟರ್:

ಎಲ್ಲರಿಗೂ ನಮಸ್ಕಾರ. ಗಾಡಿ ಛಾವಣಿ (ಟಾಪ್) ತೆರೆದು ಮಡಚಿಕೊಳ್ಳುವ ಎರಡು ಸೀಟಿನ ಬಿಎಂಡಬ್ಲ್ಯು ಝಡ್4 ಎಸ್‌ಡ್ರೈವ್ 35ಐ, ಇ89 ಬಾಡಿ, ಎನ್54 ಇಂಜಿನ್. 2012 ಮಾರ್ಚ್ ರಿಜಿಸ್ಟ್ರೇಶನ್, ಬೆಂಗಳೂರು ನಂಬರ್, ಸೆಕೆಂಡ್ ಓನರ್, 58,000 ಕಿ.ಮೀ. ಸಾಲ ತೀರಿದೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆ. ಜನವರಿಯಲ್ಲಿ 26 ಲಕ್ಷಕ್ಕೆ ಜಾಹೀರಾತು ಹಾಕಿದ್ದು, ಏಪ್ರಿಲ್‌ನಲ್ಲಿ 24ಕ್ಕೆ ಇಳಿಸಿದ್ದು. ಫೋನ್ ಮಾಡುವವರು "ಲಾಸ್ಟ್ ಎಷ್ಟು" ಅಂತ ಕೇಳಿ ಇಟ್ಟುಬಿಡುತ್ತಾರೆ. ಬಂದು ನೋಡಿದವರು ನಾಲ್ಕೇ ಜನ. ಅವರಲ್ಲಿ ಒಬ್ಬರು ಸ್ಕ್ಯಾನರ್ ಹಾಕಿದಾಗ ಹದಿನಾಲ್ಕು ಫಾಲ್ಟ್ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಗುರುತು) ಬಂತು. ಇನ್ನೊಬ್ಬರ ಮುಂದೆ ಟಾಪ್ ತೆರೆಯಲಿಲ್ಲ. ಯಾರೂ ಆಫರ್ ಕೊಟ್ಟಿಲ್ಲ. ಗಾಡಿ ಹೆಚ್ಚಾಗಿ ಬೇಸ್‌ಮೆಂಟಿನಲ್ಲೇ ನಿಂತಿರುತ್ತದೆ. ಇನ್ನೆರಡು ಲಕ್ಷ ಇಳಿಸೋದಾ? ಪಾರ್ಕ್ ಆಂಡ್ ಸೇಲ್‌ಗೆ (ಡೀಲರ್ ಹತ್ತಿರ ಗಾಡಿ ನಿಲ್ಲಿಸಿ ಕಮಿಷನ್ ಮೇಲೆ ಮಾರಿಸುವುದು) ಬಿಡೋದಾ? ದಯವಿಟ್ಟು ತಿಳಿಸಿ.

ಗುಜರಿಯಲ್ಲ_ಗಾಡಿ:

ಸರ್, ನಾಲ್ಕು ಜನ ಬಂದು ನೋಡಿಯೂ ಒಂದು ಆಫರ್ ಬಂದಿಲ್ಲ ಅಂದರೆ ಮೊದಲ ತೊಂದರೆ ಬೆಲೆಯದ್ದಲ್ಲ. ಬೆಲೆ ಜಾಸ್ತಿ ಅನ್ನಿಸಿದವರು ಮನೆಯಿಂದಲೇ ಹೊರಡುವುದಿಲ್ಲ. ಹೊರಟು ಬಂದವರು ಚೌಕಾಸಿ ಮಾಡುತ್ತಾರೆ. ಬಂದು, ಸುತ್ತ ನೋಡಿ, ಚೌಕಾಸಿಯನ್ನೂ ಮಾಡದೆ ಹೋದರು ಅಂದರೆ ಅವರಿಗೆ ಗಾಡಿಯ ಮೇಲೆ ಹೆದರಿಕೆ ಹುಟ್ಟಿದೆ. ಆ ಹೆದರಿಕೆ ಇರುವ ತನಕ 20ಕ್ಕೆ ಇಳಿಸಿದರೂ ಇದೇ ಕಥೆ.

ಇದನ್ನು ಕೊಳ್ಳುವವರು ಯಾರು ಅಂತ ಯೋಚಿಸಿ. ಎರಡೇ ಸೀಟು, ಮನೆಯ ಒಂದೇ ಕಾರಾಗಿ ಯಾರೂ ಕೊಳ್ಳುವುದಿಲ್ಲ. ಇಷ್ಟು ಹಳೆಯ ಗಾಡಿಗೆ ಬ್ಯಾಂಕ್ ಸಾಲ ಸಿಗುವುದು ತೀರ ಕಷ್ಟ, ಹಾಗಾಗಿ ಪೂರ್ತಿ ದುಡ್ಡು ಕೈಯಲ್ಲಿ ಇರುವವರೇ ಬರಬೇಕು. ಅಂಥವರು ಇಡೀ ದಕ್ಷಿಣದಲ್ಲಿ ಒಂದು ಸಲಕ್ಕೆ ಬೆರಳೆಣಿಕೆಯಷ್ಟು. ಅವರೆಲ್ಲ ಎನ್54 ಬಗ್ಗೆ ಓದಿಕೊಂಡೇ ಬಂದಿರುತ್ತಾರೆ.

ಈಗ ಆಷಾಢ. ಹೊಸ ಗಾಡಿ ಮನೆಗೆ ತರುವವರು ಕಡಿಮೆ, ಮೇಲಿಂದ ಮಳೆ. ಟಾಪ್ ತೆಗೆಯುವ ಗಾಡಿಗೆ ಇದಕ್ಕಿಂತ ಕೆಟ್ಟ ಕಾಲ ಇಲ್ಲ. ಜಾಹೀರಾತನ್ನು ಪೂರ್ತಿ ತೆಗೆದುಬಿಡಿ. ಆರು ತಿಂಗಳಿಂದ ಅದೇ ಫೋಟೊ ಕಂಡವರು "ಇದರಲ್ಲಿ ಏನೋ ಇದೆ, ಅದಕ್ಕೇ ಹೋಗಿಲ್ಲ" ಅಂದುಕೊಂಡಿರುತ್ತಾರೆ. ಶ್ರಾವಣದಿಂದ ಗಣೇಶನ ಹಬ್ಬದ ತನಕ ಒಂದು ಅವಕಾಶ. ಪಿತೃಪಕ್ಷ ಬಿಟ್ಟುಬಿಡಿ. ಮತ್ತೆ ನವರಾತ್ರಿಯಿಂದ ದೀಪಾವಳಿ. ಅದು ದಾಟಿದರೆ ಕೊಳ್ಳುವವರು ಲೆಕ್ಕದಲ್ಲಿ ಇನ್ನೊಂದು ವರ್ಷ ಕಳೆಯುತ್ತಾರೆ.

ಬೆಲೆಗೆ ಒಂದು ಕೆಲಸ ಮಾಡಿ. ಬೆಂಗಳೂರು, ಚೆನ್ನೈ, ಹೈದರಾಬಾದ್, ಕೊಚ್ಚಿಯಲ್ಲಿ ಮಾರಾಟಕ್ಕಿರುವ ಪ್ರತಿ ಇ89ನ್ನೂ ಪುಸ್ತಕದಲ್ಲಿ ಬರೆದಿಡಿ: ವರ್ಷ, ಕಿ.ಮೀ., ಎಷ್ಟನೇ ಓನರ್, ಕೇಳುವ ಬೆಲೆ, ಮೊದಲು ಕಂಡ ದಿನ. ಮೂರ್ನಾಲ್ಕು ವಾರದಲ್ಲಿ ಮಾಯವಾದ ಗಾಡಿಯ ಬೆಲೆಯೇ ಮಾರುಕಟ್ಟೆಗೆ ಹತ್ತಿರ. ಮೂರು ತಿಂಗಳಿಂದ ನಿಂತಿರುವುದು ಮಾರುವವರ ಆಸೆ ಅಷ್ಟೇ, ಅದನ್ನು ನೋಡಿ ಬೆಲೆ ಕಟ್ಟಬೇಡಿ. ಇಳಿಸುವುದಾದರೆ ಒಂದೇ ಸಲ ಇಳಿಸಿ, 22.5ಕ್ಕೆ ತನ್ನಿ. ವಾರಕ್ಕೆ 25,000 ಇಳಿಸುತ್ತಾ ಹೋದರೆ ನೋಡುತ್ತಿರುವವರು ಇನ್ನೂ ಇಳಿಯಲಿ ಅಂತ ಕಾಯುತ್ತಲೇ ಇರುತ್ತಾರೆ.

ಕೈಯಲ್ಲಿ_ಸ್ಪ್ಯಾನರ್:

ಹದಿನಾಲ್ಕು ಕೋಡ್ ಮತ್ತು ತೆರೆಯದ ಟಾಪ್, ಎರಡಕ್ಕೂ ಕಾರಣ ಒಂದೇ ಇರುವ ಸಾಧ್ಯತೆ ಹೆಚ್ಚು: ಬ್ಯಾಟರಿ. ನಿಂತ ಗಾಡಿಯಲ್ಲಿ ವೋಲ್ಟೇಜ್ ಬಿದ್ದಾಗ ಒಂದೊಂದು ಮಾಡ್ಯೂಲೂ ಒಂದೊಂದು ಕೋಡ್ ಬರೆದಿಡುತ್ತದೆ. ಟಾಪ್‌ನ ಹೈಡ್ರಾಲಿಕ್ ಪಂಪ್ ತುಂಬ ಕರೆಂಟ್ ಎಳೆಯುವುದರಿಂದ ಅದೂ ಕೈಕೊಡುತ್ತದೆ. ರಾತ್ರಿಯೆಲ್ಲ ನಿಂತ ಮೇಲೆ ಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಹೊಸ ಬ್ಯಾಟರಿ ಹಾಕಿದರೆ ಅದನ್ನು ಗಾಡಿಯ ಕಂಪ್ಯೂಟರಿಗೆ ರಿಜಿಸ್ಟರ್ ಮಾಡಿಸಬೇಕು, ಇಲ್ಲದಿದ್ದರೆ ಹಳೆ ಬ್ಯಾಟರಿಗೆ ಚಾರ್ಜ್ ಮಾಡುವ ಹಾಗೆ ಮಾಡಿ ಹೊಸದನ್ನೂ ಬೇಗ ಕೆಡಿಸುತ್ತದೆ. ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ನಿಧಾನವಾಗಿ ಚಾರ್ಜ್ ಮಾಡುತ್ತಲೇ ಇರುವ ಟ್ರಿಕಲ್ ಚಾರ್ಜರ್ ಹಾಕಿಯೇ ಬಿಡಿ.

ಟಾಪ್‌ಗೆ ಇನ್ನೊಂದು ವಿಷಯ: ಡಿಕ್ಕಿಯೊಳಗೆ ಲಗೇಜು ಬೇರೆಮಾಡುವ ಪರದೆ ಸರಿಯಾಗಿ ಕೂತು ಲಾಕ್ ಆಗಿರದಿದ್ದರೆ ಟಾಪ್ ಅಲ್ಲಾಡುವುದೇ ಇಲ್ಲ. ತೋರಿಸುವ ಮುಂಚೆ ಅದನ್ನು ಕೈಯಿಂದ ಒತ್ತಿ ನೋಡಿ.

ಕೋಡ್ ಅಳಿಸುವುದಾದರೆ ಕೊಳ್ಳುವವರು ಬರುವ ಹಿಂದಿನ ದಿನ ಅಳಿಸಬೇಡಿ. ಅಳಿಸಿದ ಕೂಡಲೇ ಗಾಡಿಯ ಸ್ವಯಂ ತಪಾಸಣೆಗಳೆಲ್ಲ "ಪೂರ್ತಿಯಾಗಿಲ್ಲ" ಅಂತ ತೋರಿಸುತ್ತವೆ, ಸ್ಕ್ಯಾನರ್ ತರುವವರಿಗೆ ಅದು ಗೊತ್ತಿರುತ್ತದೆ. ಕದ್ದು ಅಳಿಸಿದ್ದಾರೆ ಅನ್ನುವ ಅನುಮಾನ ಕೋಡ್‌ಗಿಂತ ಕೆಟ್ಟದ್ದು. ಒಂದು ವಾರ ಮುಂಚೆ ಅಳಿಸಿ, ಹೆದ್ದಾರಿಯಲ್ಲಿ ಒಂದೆರಡು ನೂರು ಕಿ.ಮೀ. ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿಸಿ ಪ್ರಿಂಟ್ ಇಟ್ಟುಕೊಳ್ಳಿ. ವಾಪಸ್ ಬರುವ ಕೋಡೇ ನಿಜವಾದ ಕೋಡ್. ಈ ಇಂಜಿನ್‌ನಲ್ಲಿ ನೋಡಬೇಕಾದ್ದು ಇವು:

2ಎಫ್‌ಬಿಎಫ್ ಬಂದರೆ ಇಂಧನದ ಒತ್ತಡ ಸಾಲುತ್ತಿಲ್ಲ, ಹೈ ಪ್ರೆಶರ್ ಪಂಪ್ ಕಡೆ ನೋಡಿ. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟರ್ ಎಳೆದೂ ಎಳೆದೂ ಹತ್ತುವುದು ಇದರದ್ದೇ ಲಕ್ಷಣ. 30ಎಫ್‌ಎಫ್ ಅಂದರೆ ಟರ್ಬೊ ಬೂಸ್ಟ್ ಕಡಿಮೆ; ವೇಸ್ಟ್‌ಗೇಟ್ (ಟರ್ಬೊ ಒತ್ತಡವನ್ನು ಹಿಡಿತದಲ್ಲಿಡುವ ಬಾಗಿಲು) ಸವೆದಿರಬಹುದು, ಬರೀ ವ್ಯಾಕ್ಯೂಮ್ ಪೈಪ್ ಬಿರಿದಿದ್ದರೂ ಇದೇ ಕೋಡ್. ಹಾಗಾಗಿ ಪೈಪ್ ಮೊದಲು ನೋಡಿಸಿ. 2ಇ81, 2ಇ82 ಎಲೆಕ್ಟ್ರಿಕ್ ವಾಟರ್ ಪಂಪಿನವು. ಅದು ಬೆಲ್ಟ್‌ನಿಂದ ಓಡುವ ಪಂಪಲ್ಲ, ನಿಂತರೆ ಮುನ್ಸೂಚನೆ ಇಲ್ಲದೆ ನಿಲ್ಲುತ್ತದೆ. ಈ ಕೋಡ್ ಇದ್ದರೆ ಪಂಪನ್ನೂ ಥರ್ಮೋಸ್ಟಾಟನ್ನೂ ಒಟ್ಟಿಗೆ ಬದಲಿಸಿ, ಬಿಲ್ ಇಡಿ. ಕೋಡ್ ಇಲ್ಲದಿದ್ದರೂ ಬದಲಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಎನ್54 ತಿಳಿದವರು ಕೇಳುವ ಮೊದಲ ಪ್ರಶ್ನೆ ಅದೇ.

ಕೋಡ್‌ಗೆ ಸಿಗದ ಒಂದಿದೆ: ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್. ಅಲ್ಲಿಂದ ಸೋರಿದ ಎಣ್ಣೆ ಮುಂದಿನ ಬೆಲ್ಟ್ ಮೇಲೆ ಬೀಳುತ್ತದೆ, ಬೆಲ್ಟ್ ನೆನೆದು ಎಳೆಎಳೆಯಾಗಿ ಕಿತ್ತು ಕ್ರ್ಯಾಂಕ್ ಸೀಲಿನೊಳಗೆ ಸುತ್ತಿಕೊಂಡರೆ ಇಂಜಿನ್ನಿಗೇ ಅಪಾಯ. ಗ್ಯಾಸ್ಕೆಟ್ ದೊಡ್ಡ ಖರ್ಚಲ್ಲ, ಮಾಡಿಸಿಬಿಡಿ.

ಇನ್ನು ತಳ. ಮುಂದಿನ ಬಂಪರಿನ ಕೆಳಗೆ, ಅದರ ಹಿಂದೆ ಕಪ್ಪು ಪ್ಲಾಸ್ಟಿಕ್ಕಿನ ತಟ್ಟೆ ಇದೆಯಲ್ಲ, ನಮ್ಮೂರ ಹಂಪುಗಳಿಗೆ ಉಜ್ಜಿ ಅದರ ಸ್ಕ್ರೂ ಕಿತ್ತು ಒಂದು ಮೂಲೆ ಜೋತುಬಿದ್ದಿರುತ್ತದೆ. ವರ್ಕ್‌ಶಾಪಿನಲ್ಲಿ ಅದಕ್ಕೊಂದು ಕೇಬಲ್ ಟೈ ಬಿಗಿದು ಕಳಿಸಿರುತ್ತಾರೆ. ಕೊಳ್ಳುವವರು ಮಂಡಿಯೂರಿ ಫೋನಿನ ಟಾರ್ಚ್ ಬಿಡುವುದು ಮೊದಲು ಅಲ್ಲಿಗೇ. ಬಿಳಿ ಕೇಬಲ್ ಟೈ ಕಂಡರೆ ಮೇಲೆ ಮಾಡಿಸಿದ ಪಾಲಿಶ್‌ಗೆಲ್ಲ ಬೆಲೆ ಇಲ್ಲ. ತಟ್ಟೆ ಬದಲಿಸಿ, ಸರಿಯಾದ ಸ್ಕ್ರೂ ಹಾಕಿಸಿ. ಗಾಡಿ ಲಿಫ್ಟ್ ಮೇಲೆ ಇರುವಾಗಲೇ ತಳದ ಆರೇಳು ಫೋಟೊ ತೆಗೆದು ಜಾಹೀರಾತಿಗೆ ಸೇರಿಸಿ.

ಮಂಗಳೂರು_ಟರ್ಬೊ:

ಮೇಲಿನವರು ಹೇಳಿದ್ದಕ್ಕೆಲ್ಲ ಒಪ್ಪಿಗೆ, ವಾಟರ್ ಪಂಪ್ ಒಂದನ್ನು ಬಿಟ್ಟು. ಕೋಡ್ ಇಲ್ಲದಿದ್ದರೆ ಈಗ ಬದಲಿಸಬೇಡಿ. ಹಾಕಿದ ಖರ್ಚು ಬೆಲೆಯಲ್ಲಿ ವಾಪಸ್ ಬರುವುದಿಲ್ಲ, ಕೆಲವರಿಗೆ ತಮ್ಮ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಬೇಕು ಅಂತಿರುತ್ತದೆ. ಅಧಿಕೃತ ಸರ್ವಿಸ್ ಸೆಂಟರಿನಿಂದ ಲಿಖಿತ ಎಸ್ಟಿಮೇಟ್ ತೆಗೆದಿಡಿ. ಮಾತು ಅಲ್ಲಿಗೆ ಬಂದಾಗ ಆ ಕಾಗದ ಮುಂದಿಟ್ಟು ಅಷ್ಟು ಬಿಡಿ. ಅಂಕಿ ಕಣ್ಣ ಮುಂದಿದ್ದರೆ ಒಂದು ಲಕ್ಷದ ಕೆಲಸಕ್ಕೆ ಯಾರೂ ಮೂರು ಲಕ್ಷ ಕೇಳುವುದಿಲ್ಲ. ಟೈರಿಗೂ ಇದೇ ನಿಯಮ. ಟೈರಿನ ಮೇಲಿನ ನಾಲ್ಕಂಕಿ ನೋಡಿ, 2319 ಅಂದರೆ 2019ರ 23ನೇ ವಾರ. ಹಳತಾಗಿದ್ದರೆ ಹಾಗೇ ಹೇಳಿ. ಮಾರಲಿಕ್ಕೆಂದೇ ಅಗ್ಗದ ಎರಡು ಟೈರ್ ಹಿಂದಕ್ಕೆ ಹಾಕಿದರೆ ಗಾಡಿ ಪ್ರೀತಿಸುವವರ ಕಣ್ಣಿಗೆ ಅದೇ ಮೊದಲು ಚುಚ್ಚುತ್ತದೆ.

ಇಂಜಿನ್ ಪವರ್ ಹೆಚ್ಚಿಸಲು ಹಾಕುವ ಟ್ಯೂನಿಂಗ್ ಬಾಕ್ಸ್ ಇದ್ದರೆ ಬಿಚ್ಚಿ, ಹಾಕಿತ್ತು ಅಂತ ಹೇಳಿಯೇ ಮಾರಿ. ಗಾಡಿಯ ಮೂಲ ಬಿಡಿಭಾಗ ಏನೇನಿದೆಯೋ ಎಲ್ಲ ಜತೆಗೆ ಕೊಡಿ.

ಫೋಟೊ ಮಳೆ ನಿಂತ ದಿನ ಸಂಜೆ ಐದರ ಬೆಳಕಿನಲ್ಲಿ, 25ರಿಂದ 30. ಡ್ರೈವರ್ ಸೀಟಿನ ಬಲ ಅಂಚು, ಬಾಗಿಲ ಹೊಸ್ತಿಲು, ನಾಲ್ಕೂ ರಿಮ್ಮಿನ ಗೀರು, ಎರಡು ಕೀ, ಸರ್ವಿಸ್ ಬಿಲ್‌ಗಳ ಕಟ್ಟು, ಎಲ್ಲ ಇರಲಿ. ಗೀರನ್ನು ನೀವೇ ತೋರಿಸಿದರೆ ನೋಡಲು ಬಂದವರಿಗೆ ಹೊಸದೇನೂ ಸಿಗುವುದಿಲ್ಲ. ಒಂದು ವಿಡಿಯೊ, ಕಟ್ ಇಲ್ಲದೆ: ತಣ್ಣಗಿರುವ ಇಂಜಿನ್ ಸ್ಟಾರ್ಟ್, ಮೀಟರಿನ ಕಿ.ಮೀ., ಟಾಪ್ ತೆರೆದು ಮುಚ್ಚುವುದು. "ಲಾಸ್ಟ್ ಎಷ್ಟು" ಅನ್ನುವವರಿಗೆ ಅದನ್ನೇ ಕಳಿಸಿ, ನಿಜವಾಗಿ ಬೇಕಾದವರು ಅದನ್ನು ನೋಡಿ ಎರಡನೇ ಪ್ರಶ್ನೆ ಕೇಳುತ್ತಾರೆ.

ಬರುವವರಿದ್ದಾಗ ಇಂಜಿನ್ ಬಿಸಿ ಮಾಡಿಡಬೇಡಿ. ಬಾನೆಟ್ ಮೇಲೆ ಕೈ ಇಟ್ಟು ನೋಡುವವರೇ ಜಾಸ್ತಿ. ಟೆಸ್ಟ್ ಡ್ರೈವ್‌ನಲ್ಲಿ ಮೊದಲು ನೀವು ಓಡಿಸಿ, ಎಣ್ಣೆ ಬಿಸಿಯಾದ ಮೇಲೆ ಲೈಸೆನ್ಸ್ ನೋಡಿ ಅವರಿಗೆ ಕೊಡಿ, ನೀವು ಪಕ್ಕದಲ್ಲೇ ಇರಿ. ಇನ್ಶೂರೆನ್ಸ್ ಚಾಲ್ತಿ ಇರಲೇಬೇಕು.

ಫಾರಂ_29_30:

ಕಾಗದದ ಕೆಲಸ ಈಗಲೇ ಮುಗಿಸಿಡಿ ಸರ್, ಕೊಳ್ಳುವವರು ಸಿಕ್ಕ ಮೇಲೆ ಓಡಾಡಿದರೆ ಆ ಹದಿನೈದು ದಿನದಲ್ಲಿ ಮನಸ್ಸು ಬದಲಾಗುತ್ತದೆ.

ಮೊದಲು ಎಚ್‌ಪಿ (ಆರ್‌ಸಿಯಲ್ಲಿರುವ ಬ್ಯಾಂಕ್ ಸಾಲದ ನಮೂದು) ಕ್ಯಾನ್ಸಲ್: ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35. ಸಾಲ ತೀರಿಸಿದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಾನಾಗಿ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಸರ್ಕಾರದ ವಾಹನ ಸೇವೆಗಳ ವೆಬ್‌ಸೈಟ್ ಪರಿವಾಹನ್‌ನಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್ ಜೋಡಣೆ ಆಗಿದೆಯಾ ನೋಡಿ, ಹಳೆ ನಂಬರ್ ಇದ್ದರೆ ಒಟಿಪಿ ಬಾರದೆ ಕೆಲಸ ನಿಲ್ಲುತ್ತದೆ. ಟ್ರಾಫಿಕ್ ದಂಡ ಪೂರ್ತಿ ಕಟ್ಟಿ. 2019 ಏಪ್ರಿಲ್‌ಗಿಂತ ಹಳೆಯ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ) ನಂಬರ್ ಪ್ಲೇಟ್ ಹಾಕಿಸಿರಬೇಕು. ಎಮಿಶನ್ ಸರ್ಟಿಫಿಕೇಟ್ ಚಾಲ್ತಿ ಇರಲಿ.

ನಿಮ್ಮ ಗಾಡಿಯ ಆರ್‌ಸಿ ಅವಧಿ 2027ರ ಮಾರ್ಚ್‌ಗೆ ಮುಗಿಯುತ್ತದೆ. ಇದು ನೋಡಲು ಬಂದವರ ತಲೆಯಲ್ಲಿ ಖಂಡಿತ ಇದೆ. ನವೀಕರಣ ಫಾರಂ 25ರಲ್ಲಿ, ಅವಧಿ ಮುಗಿಯಲು 60 ದಿನ ಇರುವಾಗ ಅರ್ಜಿ, ಆರ್‌ಟಿಒ ತಪಾಸಣೆ, ಆಮೇಲೆ ಐದು ವರ್ಷ ಮುಂದಕ್ಕೆ. ಜಾಹೀರಾತಿನಲ್ಲಿ ನೀವೇ ಬರೆದುಬಿಡಿ.

ಮಾರಾಟಕ್ಕೆ ಫಾರಂ 29 ಎರಡು ಪ್ರತಿ, ಫಾರಂ 30, ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು. ಖಾಲಿ ಫಾರಂಗೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು 14 ದಿನದಲ್ಲಿ ಆರ್‌ಟಿಒಗೆ ತಿಳಿಸುವುದು ಮಾರಿದವರ ಜವಾಬ್ದಾರಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದ್ದೇ ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇಂಥ ಗಾಡಿಯನ್ನು ಯಾರೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿಸಲು ಕೊಳ್ಳುವುದಿಲ್ಲ, ಆದ್ದರಿಂದ ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ.

ಇನ್ಶೂರೆನ್ಸ್‌ನಲ್ಲಿ ನೋ ಕ್ಲೇಮ್ ಬೋನಸ್ ನಿಮ್ಮದು, ಗಾಡಿಯದ್ದಲ್ಲ. ಕಂಪನಿಯಿಂದ ರಿಟೆನ್ಶನ್ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಬೇರೆ ಕಾರಿಗೆ ಬಳಸಬಹುದು.

ಹಣ: 2 ಲಕ್ಷ ಅಥವಾ ಅದಕ್ಕೂ ಮೇಲೆ ನಗದು ತೆಗೆದುಕೊಂಡರೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡ, ಅದೂ ತೆಗೆದುಕೊಂಡವರಿಗೆ. ಆರ್‌ಟಿಜಿಎಸ್ ಮಾಡಿಸಿ. ಎಸ್‌ಎಂಎಸ್ ನೋಡಿ ಕೀ ಕೊಡಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಟೋಕನ್ ಕಳಿಸುತ್ತೇನೆ, ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಮೋಸ. ಹಣ ಬರಲು ಪಿನ್ ಬೇಡ.

ಪಾರ್ಕ್ ಆಂಡ್ ಸೇಲ್‌ಗೆ ಬಿಡುವುದಾದರೆ ಆರ್‌ಟಿಒ ಅಧಿಕಾರ ಪತ್ರ ಇರುವ ಡೀಲರ್ ಹತ್ತಿರ ಮಾತ್ರ. 2023ರ ಏಪ್ರಿಲ್‌ನಿಂದ ನಿಯಮ ಬಂದಿದೆ, ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಬೇಕು. ಆಮೇಲೆ ಅದರ ಹೊಣೆ ಡೀಲರ್‌ದು. ಕಿ.ಮೀ. ಮೀಟರಿನ ಫೋಟೊ, ಕಮಿಷನ್, ನಿಮ್ಮ ಕೈಗೆ ಬರಬೇಕಾದ ಕನಿಷ್ಠ ಮೊತ್ತ ಲಿಖಿತವಾಗಿರಲಿ.

ಹೆಬ್ಬಾಳ_ರೋಡ್‌ಸ್ಟರ್:

ಎಲ್ಲರಿಗೂ ತುಂಬ ಧನ್ಯವಾದ. ಬ್ಯಾಟರಿ 11.9 ತೋರಿಸುತ್ತಿದೆ. ಜಾಹೀರಾತು ತೆಗೆದಿದ್ದೇನೆ. ಇನ್ನೊಂದು ಪ್ರಶ್ನೆ: ಕೊಚ್ಚಿಯಿಂದ ಒಬ್ಬರು ಕೇಳಿದ್ದಾರೆ. 50,000 ಟೋಕನ್ ಕೊಟ್ಟು ಗಾಡಿ ಒಯ್ಯುತ್ತಾರಂತೆ, ಉಳಿದದ್ದು ಆರ್‌ಟಿಒ ಎನ್‌ಒಸಿ ಬಂದ ಮೇಲೆ.

ಫಾರಂ_29_30:

ಬೇಡ. ಈ ಎನ್‌ಒಸಿ ಅಂದರೆ ಫಾರಂ 28, ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಇಲ್ಲಿನ ಆರ್‌ಟಿಒ ಕೊಡುವ ಪತ್ರ, ಅದರಲ್ಲಿ ಯಾವ ಆರ್‌ಟಿಒಗೆ ಹೋಗುತ್ತದೆ ಅನ್ನುವುದು ನಮೂದಾಗುತ್ತದೆ. ಆಮೇಲೆ ವ್ಯವಹಾರ ಮುರಿದರೆ ಆ ಎನ್‌ಒಸಿ ರದ್ದು ಮಾಡಿಸದೆ ಇಲ್ಲಿ ಬೇರೆಯವರಿಗೆ ಮಾರಲು ಆಗುವುದಿಲ್ಲ. ದಸರಾ ಅಷ್ಟರಲ್ಲಿ ಕಳೆದುಹೋಗುತ್ತದೆ. ಅದಕ್ಕೇ ಟೋಕನ್ ಎರಡು ಲಕ್ಷವಾದರೂ ಇರಲಿ, ಬ್ಯಾಂಕ್ ಮೂಲಕ, ಸ್ಟಾಂಪ್ ಪೇಪರ್ ಕರಾರಿನಲ್ಲಿ: ಅವರು ಹಿಂದೆ ಸರಿದರೆ ಎಷ್ಟು ಉಳಿಸಿಕೊಳ್ಳುತ್ತೀರಿ, ಎಷ್ಟು ದಿನದ ಗಡುವು. ಆಮೇಲೆ ಎನ್‌ಒಸಿ. ಉಳಿದ ಹಣ ಪೂರ್ತಿ ಬಂದ ಮೇಲೆ ಗಾಡಿ, ಕೀ, ಮೂಲ ಆರ್‌ಸಿ.

ಕೇರಳದಲ್ಲಿ ಅವರು ಮತ್ತೆ ತೆರಿಗೆ ಕಟ್ಟಬೇಕು, 2027ರಲ್ಲಿ ನವೀಕರಣವೂ ಅವರ ತಲೆಗೇ. ತಮ್ಮ ಆರ್‌ಟಿಒದಲ್ಲಿ ಅದನ್ನು ಕೇಳಿಕೊಂಡು ಬರಲಿ, ಕೇಳದೆ ಬಂದರೆ ಕೊನೆ ಗಳಿಗೆಯಲ್ಲಿ ಬೆಲೆ ಎಳೆಯುತ್ತಾರೆ. ಕರ್ನಾಟಕದಲ್ಲಿ ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸ್ ವಾಪಸಾತಿ ಇಷ್ಟು ಹಳೆಯ ಗಾಡಿಗೆ ನೆಚ್ಚಿಕೊಳ್ಳುವಂಥ ಮೊತ್ತವಲ್ಲ, ಆದರೂ ಯಾರಿಗೆ ಸೇರಬೇಕು ಅಂತ ಕರಾರಿನಲ್ಲಿ ಬರೆಯಿರಿ.

ಒಪ್ಪಿಸುವಾಗ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜತೆ ಗಂಟೆ ನಿಮಿಷ, ಮೀಟರಿನ ಕಿ.ಮೀ. ಬರೆದು ಇಬ್ಬರೂ ಸಹಿ ಹಾಕಿ. ಫಾಸ್ಟ್ಯಾಗ್ ಕಿತ್ತು ಕ್ಲೋಸ್ ಮಾಡಿ, ಐಡ್ರೈವ್‌ನಲ್ಲಿರುವ (ಗಾಡಿಯ ಸ್ಕ್ರೀನ್ ವ್ಯವಸ್ಥೆ) ನಿಮ್ಮ ಫೋನಿನ ನಂಬರ್‌ಗಳನ್ನು ಅಳಿಸಿ.

ಕೈಯಲ್ಲಿ_ಸ್ಪ್ಯಾನರ್:

11.9 ಇದ್ದರೆ ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು 12 ಗಂಟೆ ಬಿಟ್ಟು ಮತ್ತೆ ನೋಡಿ. 12.4ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಮುಗಿದಿದೆ, ಬದಲಿಸಿ. ಟಾಪ್‌ನ ರಬ್ಬರ್ ಬೀಡಿಂಗ್ ಒರೆಸಿ ರಬ್ಬರ್ ಗ್ರೀಸ್ ಹಚ್ಚುವುದು ಮರೆಯಬೇಡಿ. ಒಣಗಿದ್ದರೆ ಮುಚ್ಚಿದ ಟಾಪ್ ಹಂಪಿನ ಮೇಲೆ ಕಿರುಗುಟ್ಟುತ್ತದೆ, ಟೆಸ್ಟ್ ಡ್ರೈವ್‌ಗೆ ಕೂತವರ ಕಿವಿಗೆ ಬೀಳುವ ಮೊದಲ ಸದ್ದು ಅದೇ.